ತಾಮ್ರದ ತಂತಿ, ತುದಿಯ ದಾರ

ಮೊಲದ ಗರ್ಭಕೋಶ ಮನುಷ್ಯರಲ್ಲಿರುವಂತೆ ಒಂದೇ ಚೀಲವಲ್ಲ. ಎಡಕ್ಕೊಂದು ಬಲಕ್ಕೊಂದು ಎರಡು ಕೊಂಬು, ಎರಡಕ್ಕೂ ಬೇರೆ ಬೇರೆ ಬಾಯಿ. ರಕ್ತ ಒಂದೇ, ಹಾರ್ಮೋನು ಒಂದೇ, ಕೂಡಿದ ಗಂಡೂ ಒಂದೇ. ಮರಿಗಳು ಮಾತ್ರ ಎರಡು ಕಡೆ ಬೇರೆಬೇರೆಯಾಗಿ ಬೆಳೆಯುತ್ತವೆ. ಒಂದು ಕಡೆ ಏನಾದರೂ ಇಟ್ಟು ಇನ್ನೊಂದು ಕಡೆಯನ್ನು ಹಾಗೇ ಬಿಟ್ಟರೆ, ಆ ಮೊಲ ತನಗೆ ತಾನೇ ಸಾಕ್ಷಿ. ಪ್ರಯೋಗ ಮಾಡುವವರಿಗೆ ಇಷ್ಟು ಅನುಕೂಲದ ಪ್ರಾಣಿ ಸಿಗುವುದು ಅಪರೂಪ.

1960ರ ದಶಕದ ಕೊನೆಯ ಭಾಗದಲ್ಲಿ ಚಿಲಿ ದೇಶದ ಸಾಂಟಿಯಾಗೊದಲ್ಲಿ ಹೈಮೆ ಝಿಪ್ಪರ್ ಎಂಬ ವೈದ್ಯರು ಇಂಥ ಮೊಲಗಳ ಒಂದು ಕೊಂಬಿನೊಳಗೆ ಲೋಹದ ಸಣ್ಣ ತಂತಿ ಸೇರಿಸಿ, ಇನ್ನೊಂದನ್ನು ಬರಿದೇ ಬಿಟ್ಟು, ಕೆಲವು ದಿನಗಳ ನಂತರ ಎರಡೂ ಕಡೆ ನೆಲೆಯೂರಿದ ಭ್ರೂಣಗಳನ್ನು ಎಣಿಸಿದರು. ತಂತಿ ತಾಮ್ರದ್ದಾಗಿದ್ದರೆ ಆ ಕಡೆ ಎಣಿಸಲು ಹೆಚ್ಚೇನೂ ಇರುತ್ತಿರಲಿಲ್ಲ. ಪಕ್ಕದ ಕೊಂಬಿನಲ್ಲಿ ಭ್ರೂಣಗಳು ಎಂದಿನಂತೆ ಸಾಲಾಗಿ ಕೂತಿರುತ್ತಿದ್ದವು. ಸತುವಿನ ತಂತಿಯೂ ಇದೇ ಕೆಲಸ ಮಾಡಿತು. 1969ರಲ್ಲಿ ಅಮೆರಿಕದ ಪ್ರಸೂತಿಶಾಸ್ತ್ರದ ಪತ್ರಿಕೆಯೊಂದರಲ್ಲಿ ಈ ಫಲಿತಾಂಶ ಅಚ್ಚಾಯಿತು. ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಕಪಾಟಿನಲ್ಲಿ ಇವತ್ತು ಸಿಗುವ ಕಾಪರ್-ಟಿ, ಸಿಸ್ಟರುಗಳು ‘ವಂಕಿ’ ಎಂದು ಕರೆಯುವ ಆ ಪುಟ್ಟ ವಸ್ತು, ಬಂದದ್ದು ಈ ಎಣಿಕೆಯಿಂದ.

ಇಷ್ಟಕ್ಕೇ ನಿಲ್ಲಿಸಿದರೆ ಕತೆ ಚೊಕ್ಕವಾಗಿರುತ್ತದೆ. ಆದರೆ ಕಾಪರ್-ಟಿಯನ್ನು ಕೈಯಲ್ಲಿ ಹಿಡಿದು ನೋಡಿದವರಿಗೆ ಗೊತ್ತು, ಅದರ ಬುಡದಿಂದ ತೆಳ್ಳನೆಯ ಪ್ಲಾಸ್ಟಿಕ್ ದಾರವೊಂದು ಇಳಿಬಿದ್ದಿರುತ್ತದೆ. ಬಸಿರು ತಡೆಯುವುದರಲ್ಲಿ ಅದರ ಪಾತ್ರ ಏನೂ ಇಲ್ಲ. ಬೇಡವೆನಿಸಿದ ದಿನ ಹಿಡಿದು ಎಳೆಯುವುದಕ್ಕಷ್ಟೇ ಅದು ಇರುವುದು. ಪಠ್ಯಪುಸ್ತಕಗಳು ತಾಮ್ರವನ್ನು ಹೊಗಳಿ ದಾರವನ್ನು ಒಂದು ಸಾಲಿನಲ್ಲಿ ಮುಗಿಸುತ್ತವೆ. ನನ್ನನ್ನು ಕೇಳಿದರೆ ಎರಡು ಆವಿಷ್ಕಾರಗಳಲ್ಲಿ ದಾರದ್ದೇ ಒಂದು ತೂಕ ಹೆಚ್ಚು.

ಝಿಪ್ಪರ್ ಕೆಲಸ ಮಾಡುತ್ತಿದ್ದ ಬಾರ್ರೋಸ್ ಲೂಕೊ ಆಸ್ಪತ್ರೆ ಸಾಂಟಿಯಾಗೊದ ದಕ್ಷಿಣ ಭಾಗದ ದುಡಿಯುವ ಜನರ ಆಸ್ಪತ್ರೆ. ಅಲ್ಲಿನ ಸ್ತ್ರೀರೋಗ ವಾರ್ಡುಗಳಿಗೆ ಬರುತ್ತಿದ್ದವರಲ್ಲಿ ಬಹಳ ಮಂದಿ ಕದ್ದುಮುಚ್ಚಿ ಬಸಿರು ತೆಗೆಸಿಕೊಂಡು, ನಂಜೇರಿ, ಜ್ವರದಲ್ಲಿ ಬೇಯುತ್ತಿದ್ದ ಹೆಂಗಸರು. ಹೆಚ್ಚಿನವರು ಮದುವೆಯಾದವರು, ಮನೆಯಲ್ಲಿ ಆಗಲೇ ಮೂರು ನಾಲ್ಕು ಮಕ್ಕಳಿದ್ದವರು. ಆ ಕಾಲದ ಚಿಲಿಯಲ್ಲಿ ತಾಯಂದಿರ ಸಾವಿಗೆ ಗರ್ಭಪಾತದ ತೊಡಕೇ ಮುಖ್ಯ ಕಾರಣಗಳಲ್ಲೊಂದು. ಕೆಲವರು ಬದುಕಿ ಮನೆಗೆ ಹೋಗುತ್ತಿದ್ದರು, ಮುಂದಿನ ವರ್ಷ ಮತ್ತೆ ಅದೇ ವಾರ್ಡಿಗೆ ಬರುತ್ತಿದ್ದರು. 1959ರ ಹೊತ್ತಿಗೆ ಝಿಪ್ಪರ್ ನೈಲಾನ್ ದಾರವನ್ನು ಸುತ್ತಿ ಉಂಗುರ ಮಾಡಿ ಇಂಥವರಿಗೆ ತೊಡಿಸಲು ಶುರುಮಾಡಿದ್ದರು. ದುಬಾರಿ ಸಲಕರಣೆ ಬೇಕಿಲ್ಲ, ಕಾರ್ಖಾನೆ ಬೇಕಿಲ್ಲ. ಲೋಹಗಳ ಯೋಚನೆ ಬಂದದ್ದು ಆಮೇಲೆ, ಈ ಉಂಗುರವನ್ನು ಇನ್ನಷ್ಟು ಗಟ್ಟಿ ಮಾಡುವುದು ಹೇಗೆ ಎಂಬ ಹುಡುಕಾಟದಲ್ಲಿ.

ಗರ್ಭಕೋಶದೊಳಗೆ ಹೊರಗಿನ ವಸ್ತುವೊಂದನ್ನು ಇಟ್ಟರೆ ಬಸಿರು ನಿಲ್ಲುವುದಿಲ್ಲ ಎಂಬ ತಿಳಿವು ಝಿಪ್ಪರ್‌ಗಿಂತ ಬಹಳ ಹಳೆಯದು. ಈ ವಿಷಯದ ಪುಸ್ತಕ ಯಾವುದನ್ನು ತೆರೆದರೂ ಮೊದಲ ಪುಟದಲ್ಲಿ ಅರಬ್ಬರು, ಒಂಟೆಗಳು ಮತ್ತು ಬೆಣಚುಕಲ್ಲುಗಳು ಕಾಣಿಸಿಕೊಳ್ಳುತ್ತವೆ: ಮರಳುಗಾಡಿನ ದೂರ ಪ್ರಯಾಣದಲ್ಲಿ ಒಂಟೆ ಗಬ್ಬವಾಗದಿರಲಿ ಎಂದು ಅದರ ಗರ್ಭಕ್ಕೆ ಕಲ್ಲು ತುರುಕುತ್ತಿದ್ದರಂತೆ. ಒಂಟೆಯನ್ನು ಹತ್ತಿರದಿಂದ ಕಂಡವರು ಯಾರೂ ಇದನ್ನು ನಂಬಲಾರರು. ಒಬ್ಬರ ಪುಸ್ತಕದಿಂದ ಇನ್ನೊಬ್ಬರ ಪುಸ್ತಕಕ್ಕೆ ದಾಟುತ್ತಾ ಬಂದ ಕಟ್ಟುಕತೆ ಅದು.

ದಾಖಲೆಯಲ್ಲಿ ಸಿಗುವ ಮೊದಲ ಹೆಜ್ಜೆ 1909ರದ್ದು. ಆಗಿನ ಜರ್ಮನಿಯ ವಾಲ್ಡೆನ್‌ಬುರ್ಗ್ ಎಂಬ ಊರಿನ ವೈದ್ಯ ರಿಚರ್ಡ್ ರಿಕ್ಟರ್ ರೇಷ್ಮೆಹುಳುವಿನ ಕರುಳಿನಿಂದ ಮಾಡಿದ ಉಂಗುರದ ಬಗ್ಗೆ ಬರೆದರು. ಕರುಳು ಎನ್ನುವುದು ಹೆಸರಿಗೆ ಮಾತ್ರ. ಹುಳು ಗೂಡು ಕಟ್ಟುವ ಮುಂಚೆಯೇ ಅದರ ರೇಷ್ಮೆಗ್ರಂಥಿಯನ್ನು ತೆಗೆದು ಎಳೆದು ಮಾಡುವ ಗಟ್ಟಿ ಎಳೆ ಅದು. ಗಾಯ ಹೊಲಿಯಲು ವೈದ್ಯರು ಆಗ ಅದನ್ನೇ ಬಳಸುತ್ತಿದ್ದರು. ರಿಕ್ಟರ್ ಬರಹವನ್ನು ಹೆಚ್ಚು ಜನ ಗಮನಿಸಲಿಲ್ಲ.

ಗಮನ ಸೆಳೆದವರು ಬರ್ಲಿನ್ನಿನ ಎರ್ನ್‌ಸ್ಟ್ ಗ್ರೇಫೆನ್‌ಬರ್ಗ್. ಅವರೂ ರೇಷ್ಮೆ ಎಳೆಯಿಂದಲೇ ಶುರುಮಾಡಿ, ಅದು ಜಾರಿ ಹೊರಬೀಳುವುದನ್ನು ನೋಡಿ, ಬೆಳ್ಳಿ ತಂತಿಯನ್ನು ಸ್ಪ್ರಿಂಗಿನ ಹಾಗೆ ಸುತ್ತಿದ ಉಂಗುರಕ್ಕೆ ಬಂದರು. 1929ರಲ್ಲಿ ಲಂಡನ್ನಿನಲ್ಲೂ 1930ರಲ್ಲಿ ಜ್ಯೂರಿಕ್ಕಿನಲ್ಲೂ ಅವರು ತಮ್ಮ ಲೆಕ್ಕ ಒಪ್ಪಿಸಿದರು. ರೇಷ್ಮೆ ಎಳೆ ಧರಿಸಿದವರಲ್ಲಿ ನೂರಕ್ಕೆ ಸುಮಾರು 3 ಮಂದಿ ಬಸಿರಾದರೆ, ಬೆಳ್ಳಿಯುಂಗುರ ಧರಿಸಿದವರಲ್ಲಿ 1.6. ಅಷ್ಟು ಇಳಿಯಲು ಉಂಗುರದ ಆಕಾರವೇ ಕಾರಣವೆಂದು ಅವರು ತಿಳಿದಿದ್ದರೆ ಆಶ್ಚರ್ಯವಿಲ್ಲ. ಎಷ್ಟೋ ವರ್ಷಗಳ ನಂತರ, ಆ ತಂತಿಯನ್ನು ಪರೀಕ್ಷಿಸಿದಾಗ ಅದು ಅಪ್ಪಟ ಬೆಳ್ಳಿಯಾಗಿರಲಿಲ್ಲವೆಂದು ತಿಳಿಯಿತು. ಅದರಲ್ಲಿ ನೂರಕ್ಕೆ 26 ಪಾಲು ತಾಮ್ರ ಬೆರೆತಿತ್ತು.

ಝಿಪ್ಪರ್ ಮೊಲಗಳಲ್ಲಿ ಕಂಡುಕೊಂಡದ್ದನ್ನು ಗ್ರೇಫೆನ್‌ಬರ್ಗ್ ನಲವತ್ತು ವರ್ಷ ಮೊದಲೇ ಎಷ್ಟೋ ಹೆಂಗಸರಿಗೆ ತೊಡಿಸಿದ್ದರು. ಅಕ್ಕಸಾಲಿಗನ ಬೆರಕೆಯೊಂದು ಬಹುಶಃ ಅವರ ಲೆಕ್ಕವನ್ನು ಚೆಂದಗೊಳಿಸಿತ್ತು. ಯಾವುದು ಕೆಲಸ ಮಾಡುತ್ತಿದೆ ಎಂದು ತಿಳಿಯದೆ ಕೆಲಸ ಮಾಡಿಸಿಕೊಂಡದ್ದನ್ನು ಆವಿಷ್ಕಾರ ಎನ್ನಬಹುದೇ? ನಾನು ಎನ್ನಲಾರೆ. ಆದರೆ ಆ ಮನುಷ್ಯನಿಗೆ ಪರೀಕ್ಷಿಸಿ ನೋಡುವಷ್ಟು ಕಾಲವನ್ನು ಆ ದೇಶ ಕೊಡಲಿಲ್ಲ ಎನ್ನುವುದನ್ನೂ ಹೇಳಬೇಕು. ಗ್ರೇಫೆನ್‌ಬರ್ಗ್ ಯಹೂದಿ. 1933ರಲ್ಲಿ ನಾಜಿಗಳು ಅವರನ್ನು ಬರ್ಲಿನ್ನಿನ ಆಸ್ಪತ್ರೆಯ ಹುದ್ದೆಯಿಂದ ಇಳಿಸಿದರು. 1937ರಲ್ಲಿ ಬೆಲೆಬಾಳುವ ಅಂಚೆಚೀಟಿಯನ್ನು ಹೊರದೇಶಕ್ಕೆ ಸಾಗಿಸಿದರೆಂಬ ಆರೋಪ ಹೊರಿಸಿ ಸೆರೆಗೆ ಹಾಕಿದರು. ಅಮೆರಿಕದ ಸಂತಾನ ನಿಯಂತ್ರಣ ಹೋರಾಟಗಾರ್ತಿ ಮಾರ್ಗರೆಟ್ ಸ್ಯಾಂಗರ್ ಮತ್ತಿತರರ ಪ್ರಯತ್ನದಿಂದ ಬಿಡುಗಡೆಯಾಗಿ, 1940ರಲ್ಲಿ ಅಮೆರಿಕ ಸೇರಿ, ನ್ಯೂಯಾರ್ಕಿನಲ್ಲಿ ಸಾಮಾನ್ಯ ಸ್ತ್ರೀರೋಗ ವೈದ್ಯರಾಗಿ ಬದುಕಿ 1957ರಲ್ಲಿ ತೀರಿಕೊಂಡರು. ಉಂಗುರವನ್ನು ವೈದ್ಯಲೋಕ ಅದಕ್ಕೂ ಬಹಳ ಮೊದಲೇ ತಿರಸ್ಕರಿಸಿಯಾಗಿತ್ತು. ಆ್ಯಂಟಿಬಯಾಟಿಕ್ ಇಲ್ಲದ ಕಾಲ, ಗರ್ಭಕೋಶಕ್ಕೆ ಸೋಂಕು ತಗುಲಿದರೆ ಹೆಂಗಸು ಸತ್ತಳೆಂದೇ ಲೆಕ್ಕ. ಆ ಭಯ ಪೊಳ್ಳೇನೂ ಆಗಿರಲಿಲ್ಲ. ಜಪಾನಿನಲ್ಲಿ ಇಂಥದೇ ಉಂಗುರ ಮಾಡಿದ್ದ ತೆನ್ರೇಯಿ ಓಟಾ ಅವರಿಗೂ ಸರ್ಕಾರದ ನಿಷೇಧವೇ ಬಹುಮಾನವಾಗಿ ಸಿಕ್ಕಿತು.

ಗ್ರೇಫೆನ್‌ಬರ್ಗ್ ಜ್ಯೂರಿಕ್ಕಿನಲ್ಲಿ ಲೆಕ್ಕ ಒಪ್ಪಿಸಿದ ವರ್ಷವೇ, 1930ರ ಜೂನ್ 11ರಂದು, ಮೈಸೂರು ಸಂಸ್ಥಾನದ ಸರ್ಕಾರ ತನ್ನ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣದ ಕ್ಲಿನಿಕ್ಕುಗಳನ್ನು ತೆರೆಯಲು ಆದೇಶ ಹೊರಡಿಸಿತು. ನಾಲ್ವಡಿ ಕೃಷ್ಣರಾಜ ಒಡೆಯರ್ ಅರಸರು, ಮಿರ್ಜಾ ಇಸ್ಮಾಯಿಲ್ ದಿವಾನರು. ಸರ್ಕಾರವೊಂದು ಇಂಥ ಕೆಲಸಕ್ಕೆ ಕೈಹಾಕಿದ್ದು ಜಗತ್ತಿನಲ್ಲೇ ಮೊದಲು ಎಂದು ಇತಿಹಾಸಕಾರರು ಬರೆಯುತ್ತಾರೆ. ಹೆಮ್ಮೆಪಡಬೇಕಾದ್ದೇ. ಆದರೆ ಬಾಗಿಲು ತೆರೆದರೂ ಕೈಯಲ್ಲಿ ಕೊಡಲು ಏನಿತ್ತು ಎಂಬುದು ಬೇರೆ ಪ್ರಶ್ನೆ. ಇಪ್ಪತ್ತು ವರ್ಷದ ನಂತರವೂ ಅದಕ್ಕೆ ಒಳ್ಳೆಯ ಉತ್ತರ ಇರಲಿಲ್ಲ. 1950ರ ದಶಕದ ಆರಂಭದಲ್ಲಿ ಕೇಂದ್ರ ಸರ್ಕಾರ ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ದೆಹಲಿಯ ಲೋಧಿ ಕಾಲೊನಿಯಲ್ಲಿ ಮತ್ತು ನಮ್ಮ ರಾಮನಗರದಲ್ಲಿ ‘ಸುರಕ್ಷಿತ ದಿನ’ಗಳ ಲೆಕ್ಕ ಹಿಡಿಯುವ ಪದ್ಧತಿಯನ್ನು ಪರೀಕ್ಷಿಸಿತು. ಅಮೆರಿಕದಿಂದ ಬಂದ ಡಾ. ಅಬ್ರಹಾಂ ಸ್ಟೋನ್ ಹೆಂಗಸರಿಗೆ ಬಣ್ಣಬಣ್ಣದ ಮಣಿಸರ ಕೊಡಿಸಿದರು: ದಿನಕ್ಕೊಂದು ಮಣಿ ಸರಿಸುತ್ತಾ ಹೋಗಿ, ಈ ಬಣ್ಣ ಬಂದ ದಿನ ಗಂಡನಿಂದ ದೂರ ಇರಿ, ಆ ಬಣ್ಣ ಬಂದರೆ ಚಿಂತೆಯಿಲ್ಲ. ಲೆಕ್ಕವನ್ನು ಹೆಂಡತಿ ಇಟ್ಟರೂ ತೀರ್ಮಾನ ಗಂಡನದೇ ಆಗಿದ್ದ ಮನೆಗಳಲ್ಲಿ ಮಣಿಸರ ಏನು ತಾನೇ ಮಾಡೀತು? ಪ್ರಯೋಗ ಫಲ ಕೊಡಲಿಲ್ಲ.

ಉಂಗುರ ಮತ್ತೆ ತಲೆಯೆತ್ತಿದ್ದು 1959ರಲ್ಲಿ, ಒಂದೇ ವರ್ಷ ಎರಡು ಕಡೆಯಿಂದ. ಜಪಾನಿನಿಂದ ಇಶಿಹಾಮಾ, ಇಸ್ರೇಲಿನಿಂದ ಒಪ್ಪೆನ್‌ಹೈಮರ್ ತಮ್ಮ ತಮ್ಮ ಅನುಭವ ಬರೆದರು. ತಾವು ವರ್ಷಗಟ್ಟಲೆ ಉಂಗುರ ಹಾಕುತ್ತಾ ಬಂದಿದ್ದೇವೆ, ಹೆದರಿಸಿದಷ್ಟು ಅನಾಹುತ ಆಗಿಲ್ಲ ಎಂಬುದು ಇಬ್ಬರ ಮಾತಿನ ಸಾರ. ಅಷ್ಟರಲ್ಲಿ ಪೆನಿಸಿಲಿನ್ ಬಂದಿತ್ತು, ಪ್ಲಾಸ್ಟಿಕ್ಕೂ ಬಂದಿತ್ತು. ಪ್ಲಾಸ್ಟಿಕ್ಕಿನ ಗುಣವೆಂದರೆ ಅದನ್ನು ನೇರ ಮಾಡಿ ಸಪೂರ ಕೊಳವೆಯಲ್ಲಿ ತೂರಿಸಬಹುದು. ಒಳಗೆ ಹೋಗಿ ಕೊಳವೆಯಿಂದ ಹೊರಬಂದ ಮೇಲೆ ತನ್ನ ಮೂಲ ಆಕಾರಕ್ಕೆ ಮರಳುತ್ತದೆ. ಲೋಹದ ಉಂಗುರಕ್ಕೆ ಗರ್ಭಕೋಶದ ಕೊರಳನ್ನು ಹಿಗ್ಗಿಸಬೇಕಿತ್ತು, ಆ ನೋವೇ ಒಂದು ದೊಡ್ಡ ಅಡ್ಡಿ.

ಇಲ್ಲಿಗೆ ಬರುತ್ತಾರೆ ಅಮೆರಿಕದ ಬಫಲೋ ನಗರದ ವೈದ್ಯ ಜ್ಯಾಕ್ ಲಿಪ್ಪೆಸ್. ಹಳೆಯ ಲೋಹದ ಉಂಗುರಗಳನ್ನು ಹಾಕಿ ನೋಡಿದ್ದ ಅವರಿಗೆ ಕಾಡಿದ್ದು ಹಾಕುವ ಕಷ್ಟಕ್ಕಿಂತ ತೆಗೆಯುವ ಕಷ್ಟ. ಉಂಗುರ ಒಳಗೆಲ್ಲೋ ಇರುತ್ತದೆ, ಕಣ್ಣಿಗೆ ಕಾಣದು. ಕೊಕ್ಕೆಯೊಂದನ್ನು ಒಳಗೆ ಬಿಟ್ಟು ಅಂದಾಜಿನ ಮೇಲೆ ತಡಕಬೇಕು. ಹೆಂಗಸು ನರಳುತ್ತಾಳೆ, ವೈದ್ಯ ಬೆವರುತ್ತಾನೆ. ಗ್ರೇಫೆನ್‌ಬರ್ಗ್ ಉಂಗುರಕ್ಕೆ ಬಾಲ ಬೇಡವೆಂದು ಬಿಟ್ಟದ್ದಕ್ಕೆ ಕಾರಣವಿತ್ತು: ಹೊರಗೂ ಒಳಗೂ ನಡುವೆ ದಾರ ಇಳಿಬಿದ್ದರೆ ರೋಗಾಣುಗಳಿಗೆ ಏಣಿ ಇಟ್ಟ ಹಾಗೆ. ಲಿಪ್ಪೆಸ್ ಆ ಭಯವನ್ನು ಪಕ್ಕಕ್ಕಿಟ್ಟು ಉಂಗುರಕ್ಕೆ ದಾರ ಕಟ್ಟಿದರು. ಉಂಗುರ ಒಳಗೆ ತಿರುಗುತ್ತಾ ದಾರವನ್ನೂ ತನ್ನೊಡನೆ ಸುತ್ತಿಕೊಂಡು ಮೇಲೆ ಎಳೆದುಕೊಂಡುಬಿಟ್ಟಿತು. ತಿರುಗದ ಆಕಾರ ಬೇಕು ಎಂದು ಅವರು ಪಾಲಿಥಿನ್ನಿನಲ್ಲಿ ಹಾವಿನಂತೆ ಎರಡು ಬಾರಿ ಬಳಸಿದ, ಮೇಲೆ ಅಗಲ ಕೆಳಗೆ ಕಿರಿದಾದ ರೂಪ ಕೊಟ್ಟರು. ಎಕ್ಸ್‌ರೇಯಲ್ಲಿ ಕಾಣಲೆಂದು ಅದಕ್ಕೆ ಬೇರಿಯಂ ಬೆರೆಸಿದರು. ಬುಡಕ್ಕೆ ಒಂಟಿ ಎಳೆಯ ನಯವಾದ ದಾರ. ಎಳೆ ಒಂದೇ ಆದ್ದರಿಂದ ರೋಗಾಣು ಹತ್ತಿ ಹೋಗಲು ಸಂದು ಇರಲಿಲ್ಲ. 1962ರಲ್ಲಿ ನ್ಯೂಯಾರ್ಕಿನಲ್ಲಿ ಪಾಪ್ಯುಲೇಷನ್ ಕೌನ್ಸಿಲ್ ಎಂಬ ಸಂಸ್ಥೆ ಕರೆದ ಸಭೆಯಲ್ಲಿ ಇದನ್ನು ತೋರಿಸಿದರು.

ಲೂಪ್ ಎಂದರೆ ಇದೇ. ಎಪ್ಪತ್ತು ದಾಟಿದ ಹೆಂಗಸರ ಮುಂದೆ ಈ ಹೆಸರು ಎತ್ತಿ ನೋಡಿ. ನಮ್ಮ ಹಳ್ಳಿಗಳಲ್ಲಿ ಅನೇಕರು ಇನ್ನೂ ಮುಖ ಸಿಂಡರಿಸುತ್ತಾರೆ. ದೇಶ 1965ರಲ್ಲಿ ಲೂಪನ್ನು ರಾಷ್ಟ್ರೀಯ ಕಾರ್ಯಕ್ರಮಕ್ಕೆ ಸೇರಿಸಿತು. ಕಾನ್ಪುರದಲ್ಲಿ ಕಾರ್ಖಾನೆ ಎದ್ದಿತು. ಬೆಲೆ ಅಗ್ಗ, ಒಮ್ಮೆ ಹಾಕಿದರೆ ವರ್ಷಗಟ್ಟಲೆ ಚಿಂತೆಯಿಲ್ಲ, ದಿನಾ ಮಾತ್ರೆ ನೆನಪಿಡಬೇಕಿಲ್ಲ, ಗಂಡನನ್ನು ಒಪ್ಪಿಸಬೇಕಿಲ್ಲ. ಯೋಜನೆ ಮಾಡುವವರಿಗೆ ಇದು ಸಂಜೀವಿನಿಯಂತೆ ಕಂಡಿತು. ಮೊದಲ ವರ್ಷವೇ ಎಂಟು ಲಕ್ಷಕ್ಕೂ ಹೆಚ್ಚು, ಮರುವರ್ಷ ಒಂಬತ್ತು ಲಕ್ಷಕ್ಕೂ ಹೆಚ್ಚು ಲೂಪು ಹಾಕಿದರು. ಅಲ್ಲಿಂದ ಎಣಿಕೆ ಜಾರತೊಡಗಿತು.

ಜನರ ಅಜ್ಞಾನ, ಗಾಳಿಸುದ್ದಿ ಎಂದು ಆಗಿನ ವರದಿಗಳು ಬೈದುಕೊಂಡವು. ಗಾಳಿಸುದ್ದಿ ಇದ್ದದ್ದು ನಿಜ. ಲೂಪು ಹೊಟ್ಟೆಯಿಂದ ಎದೆಗೆ ಏರುತ್ತದೆ, ಕ್ಯಾನ್ಸರ್ ಬರುತ್ತದೆ, ಗಂಡನಿಗೆ ಕರೆಂಟ್ ಹೊಡೆಯುತ್ತದೆ. ಆದರೆ ಈ ಕತೆಗಳ ಬೇರಿನಲ್ಲಿ ನಿಜವಾದ ಸಂಗತಿಯೊಂದಿತ್ತು, ಅದು ರಕ್ತ. ಲೂಪು ಹಾಕಿಸಿಕೊಂಡವರಲ್ಲಿ ಬಹಳ ಮಂದಿಗೆ ಮುಟ್ಟಿನ ರಕ್ತಸ್ರಾವ ಹೆಚ್ಚಿತು, ದಿನಗಳೂ ಹೆಚ್ಚಿದವು. ಚೆನ್ನಾಗಿ ಉಂಡು ಬೆಳೆದವಳಿಗೆ ಇದು ಕಿರಿಕಿರಿ. ಮೊದಲೇ ರಕ್ತಹೀನತೆಯಿದ್ದು ಕಳೆ ಕೀಳಲು ಹೋಗುವವಳಿಗೆ ತಲೆ ಸುತ್ತಿ ಬೀಳುವಷ್ಟು. ಅದರ ಮೇಲೆ ‘ಹೊರಗಾದ’ ದಿನಗಳ ಕಟ್ಟುಪಾಡು. ಮೂರು ದಿನದ ಮೈಲಿಗೆ ಎಂಟು ಹತ್ತು ದಿನವಾದರೆ ಒಲೆ ಹಚ್ಚುವವರು ಯಾರು, ಅತ್ತೆಗೆ ಉತ್ತರ ಕೊಡುವವರು ಯಾರು? ವಾಷಿಂಗ್ಟನ್ನಿನಲ್ಲೋ ದೆಹಲಿಯಲ್ಲೋ ಕೂತು ಯೋಜನೆ ಬರೆದವರು ಈ ಲೆಕ್ಕವನ್ನು ಹಾಕಿರಲಿಲ್ಲ.

ಅವರು ಹಾಕಿದ್ದು ಬೇರೆ ಲೆಕ್ಕ. ಇಷ್ಟು ಜನರಿಗೆ ಹಾಕಬೇಕೆಂಬ ಗುರಿ, ಹಾಕಿದವರಿಗೂ ಕರೆತಂದವರಿಗೂ ತಲೆಯೆಣಿಕೆಯ ಮೇಲೆ ದುಡ್ಡು. ಕ್ಯಾಂಪು ಒಂದು ದಿನ ಬಂದು ಹೋಗುತ್ತದೆ. ಲೇಡಿ ಡಾಕ್ಟರು ತಾಲ್ಲೂಕಿಗೊಬ್ಬರು ಸಿಕ್ಕರೆ ಪುಣ್ಯ. ಮೂರನೇ ತಿಂಗಳು ಹೆಂಗಸು ಬಂದು “ಆಗೋದಿಲ್ಲಮ್ಮಾ, ಇದನ್ನ ತೆಗೀರಿ” ಎಂದರೆ, “ಎಲ್ಲಾರಿಗೂ ಮೊದಮೊದಲು ಹಂಗೇ ಕಣವ್ವಾ, ಇನ್ನೊಂದು ತಿಂಗಳು ನೋಡು” ಎನ್ನುವ ಉತ್ತರ. ತೆಗೆದರೆ ಗುರಿಯ ಪುಸ್ತಕದಲ್ಲಿ ಅದಕ್ಕೆ ಕಾಲಂ ಇಲ್ಲ. ಲಿಪ್ಪೆಸ್ ದಾರ ಕಟ್ಟಿ ಕೊಟ್ಟಿದ್ದರು. ಎಳೆಯುವ ಕೈ ಊರಿನಲ್ಲಿ ಇರಲಿಲ್ಲ. ಲೂಪಿನ ಮೇಲೆ ಕೂತಿದ್ದ ಆಸೆ ಕುಸಿದಾಗ ಸರ್ಕಾರದ ಒತ್ತು ಆಪರೇಷನ್ನಿನ ಕಡೆ ತಿರುಗಿತು. ಆ ದಾರಿ ಎಲ್ಲಿಗೆ ಹೋಯಿತೆಂದು ತುರ್ತುಪರಿಸ್ಥಿತಿಯ ಕಾಲದವರಿಗೆ ಹೇಳಬೇಕಿಲ್ಲ: 1976-77ರ ಒಂದೇ ವರ್ಷದಲ್ಲಿ ದೇಶದಲ್ಲಿ 80 ಲಕ್ಷಕ್ಕೂ ಹೆಚ್ಚು ಸಂತಾನಶಕ್ತಿಹರಣ ಚಿಕಿತ್ಸೆಗಳು ನಡೆದವು.

ಇತ್ತ ನ್ಯೂಯಾರ್ಕಿನಲ್ಲಿ ಪಾಪ್ಯುಲೇಷನ್ ಕೌನ್ಸಿಲ್ಲಿನ ಹೊವರ್ಡ್ ಟೇಟಮ್ ಇದೇ ರಕ್ತದ ಸಮಸ್ಯೆಯನ್ನು ಬೇರೆ ದಿಕ್ಕಿನಿಂದ ನೋಡುತ್ತಿದ್ದರು. ಲೂಪು ದೊಡ್ಡದು, ಗರ್ಭಕೋಶ ಹಿಂಡಿದಾಗಲೆಲ್ಲ ಅದರ ಗೋಡೆಯನ್ನು ಒತ್ತುತ್ತದೆ, ಅದರಿಂದ ನೋವು, ರಕ್ತ, ಕೆಲವೊಮ್ಮೆ ಲೂಪೇ ಹೊರಕ್ಕೆ. ಹಿಂಡಿದ ಗರ್ಭಕೋಶದ ಒಳಜಾಗ ಯಾವ ಆಕಾರದ್ದು ಎಂದು ಅವರು ಗಮನಿಸಿದರು. ಅದು ಇಂಗ್ಲಿಷಿನ ಟಿ ಅಕ್ಷರದಂತಿತ್ತು. ಹಾಗಾದರೆ ಒಳಗಿಡುವ ವಸ್ತುವೂ ಅದೇ ಆಕಾರದಲ್ಲಿರಲಿ. 1967ರ ಸುಮಾರಿಗೆ ತಯಾರಾದ ಪ್ಲಾಸ್ಟಿಕ್ಕಿನ ಪುಟ್ಟ ಟಿ ಹೆಂಗಸರ ಮೈಗೆ ಒಗ್ಗಿತು. ನೋವು ಕಡಿಮೆ, ರಕ್ತ ಕಡಿಮೆ, ಜಾರಿ ಬೀಳುವುದೂ ಕಡಿಮೆ. ಒಂದೇ ತೊಂದರೆ: ಬಸಿರನ್ನು ಅದು ಸರಿಯಾಗಿ ತಡೆಯುತ್ತಿರಲಿಲ್ಲ. ವರ್ಷದೊಳಗೆ ನೂರಕ್ಕೆ 18 ಮಂದಿ ಬಸಿರಾದರು.

ಇಲ್ಲಿದ್ದ ಕಗ್ಗಂಟು ಎಲ್ಲರಿಗೂ ಗೊತ್ತಿದ್ದದ್ದೇ. ವಸ್ತು ದೊಡ್ಡದಾದಷ್ಟೂ ಬಸಿರು ನಿಲ್ಲುವುದಿಲ್ಲ, ಆದರೆ ರಕ್ತ ನಿಲ್ಲುವುದಿಲ್ಲ. ಸಣ್ಣದಾದಷ್ಟೂ ಹೆಂಗಸಿಗೆ ಸುಖ, ಆದರೆ ಬಸಿರು ನಿಂತುಬಿಡುತ್ತದೆ. ಹತ್ತು ವರ್ಷ ಪ್ಲಾಸ್ಟಿಕ್ಕನ್ನು ಸುರುಳಿ, ಬಿಲ್ಲು, ಉಂಗುರ, ಗುರಾಣಿ ಎಂದು ಬಗ್ಗಿಸಿದ್ದೆಲ್ಲ ಈ ಎರಡು ತುದಿಗಳ ನಡುವೆ ಎಲ್ಲೋ ಒಂದು ಕಡೆ ರಾಜಿಯಾಗುವ ಪ್ರಯತ್ನ. ಝಿಪ್ಪರ್ ಮೊಲಗಳು ಹೇಳಿದ್ದು ಬೇರೆಯೇ ಮಾತು: ಗಾತ್ರವನ್ನು ಮರೆತುಬಿಡಿ, ರಸಾಯನವನ್ನು ನೋಡಿ. ಝಿಪ್ಪರ್ ಮತ್ತು ಟೇಟಮ್ ಕೈಜೋಡಿಸಿದರು. ಟಿಯ ಕಾಲಿಗೆ ತಾಮ್ರದ ಸಪೂರ ತಂತಿ ಸುತ್ತಿದರು. ತಾಮ್ರದ ಮೈ 30 ಚದರ ಮಿಲಿಮೀಟರ್ ಇದ್ದಾಗಲೇ ನೂರಕ್ಕೆ 18 ಇದ್ದದ್ದು 5ಕ್ಕೆ ಇಳಿಯಿತು. ಅದನ್ನು 200ಕ್ಕೆ ಏರಿಸಿದಾಗ 1ರ ಆಸುಪಾಸಿಗೆ ಬಂತು. ಟಿಯ ಗಾತ್ರ ಇದ್ದಷ್ಟೇ ಇತ್ತು.

ಪ್ಯಾಕೆಟ್ಟಿನ ಮೇಲೆ ಕಾಣುವ ಸಂಖ್ಯೆ ಇದೇ. ಕಾಪರ್-ಟಿ 200 ಅಂದರೆ 200 ಚದರ ಮಿಲಿಮೀಟರ್ ತಾಮ್ರದ ಮೈ. ಈಗ ನಮ್ಮಲ್ಲಿ ಸಿಗುವ 380ಎ ಮಾದರಿಯಲ್ಲಿ ಕಾಲಿನ ತಂತಿಯ ಜೊತೆ ಎರಡು ತೋಳುಗಳ ಮೇಲೂ ತಾಮ್ರದ ತೋಳುಬಂದಿಗಳಿವೆ. ತೂಕ ಎಷ್ಟು ಎನ್ನುವುದು ಮುಖ್ಯವಲ್ಲ, ಗರ್ಭಕೋಶದ ದ್ರವಕ್ಕೆ ತಗಲುವ ಮೈ ಎಷ್ಟು ಎನ್ನುವುದು ಮುಖ್ಯ. ಅಲ್ಲಿಂದ ತಾಮ್ರದ ಅಯಾನುಗಳು ಸ್ವಲ್ಪಸ್ವಲ್ಪವೇ ಕರಗಿ ಬರುತ್ತವೆ. ವೀರ್ಯಾಣುವಿಗೆ ಅದು ವಿಷ. ಈಜುವ ಶಕ್ತಿ ಕಳೆದುಕೊಂಡು ಅಂಡವನ್ನು ಮುಟ್ಟುವ ಮೊದಲೇ ಅದು ಸೋಲುತ್ತದೆ. ದಿನಕ್ಕೆ ಕರಗುವ ತಾಮ್ರ ನಾವು ಊಟದಲ್ಲಿ ತಿನ್ನುವುದಕ್ಕಿಂತ ಎಷ್ಟೋ ಕಡಿಮೆ. ಕಾಪರ್-ಟಿ ಹಾಕಿಸಿಕೊಂಡರೆ ತಿಂಗಳು ತಿಂಗಳು ಗರ್ಭಪಾತವಾಗುತ್ತದೆ ಎಂಬ ಮಾತು ಇವತ್ತಿಗೂ ಕೆಲವರ ಬಾಯಲ್ಲಿದೆ. ಮೊಲದಲ್ಲಿ ಕಂಡದ್ದು ಭ್ರೂಣ ನೆಲೆಯೂರದಿರುವುದು, ಮನುಷ್ಯರಲ್ಲಿ ನಡೆಯುವುದು ಮುಖ್ಯವಾಗಿ ಅದಕ್ಕೂ ಮೊದಲಿನ ಹಂತದಲ್ಲಿ. 1976ರಲ್ಲಿ ಲಿಪ್ಪೆಸ್ ಮತ್ತು ಟೇಟಮ್ ಇನ್ನೊಂದು ಉಪಯೋಗವನ್ನೂ ಕುರಿತು ಬರೆದರು. ಅಚಾತುರ್ಯವಾದ ನಂತರದ ಐದು ದಿನದೊಳಗೆ ಕಾಪರ್-ಟಿ ಹಾಕಿದರೆ ಆ ಬಸಿರನ್ನೂ ತಡೆಯಬಹುದು. ಮೆಡಿಕಲ್ ಶಾಪಿನಲ್ಲಿ ಸಿಗುವ ತುರ್ತು ಮಾತ್ರೆಗಿಂತ ಇದು ಹೆಚ್ಚು ಖಚಿತ, ಆದರೆ ನಮ್ಮಲ್ಲಿ ಕೇಳಿ ತಿಳಿದವರು ಕಡಿಮೆ.

ತಾಮ್ರ ಗೆದ್ದ ಆ ವರ್ಷಗಳಲ್ಲೇ ದಾರ ಸೋತ ಕತೆಯೂ ನಡೆಯಿತು. ಅಮೆರಿಕದ ಎ. ಎಚ್. ರಾಬಿನ್ಸ್ ಕಂಪನಿ 1971ರಲ್ಲಿ ಡಾಲ್ಕನ್ ಶೀಲ್ಡ್ ಎಂಬ ಗುರಾಣಿಯಾಕಾರದ ಸಾಧನವನ್ನು ಮಾರುಕಟ್ಟೆಗೆ ಬಿಟ್ಟಿತು. ಅದು ಗರ್ಭಕೋಶದ ಗೋಡೆಗೆ ಬಿಗಿಯಾಗಿ ಕಚ್ಚಿ ಕೂರುತ್ತಿತ್ತು, ಆದ್ದರಿಂದ ತೆಗೆಯಲು ಗಟ್ಟಿ ದಾರ ಬೇಕಾಯಿತು. ಕಂಪನಿ ಆರಿಸಿಕೊಂಡದ್ದು ನೂರಾರು ಎಳೆಗಳನ್ನು ಒಂದು ಕವಚದಲ್ಲಿ ತುಂಬಿದ ದಾರ. ಎಳೆಗಳ ನಡುವಿನ ಸಂದಿನಲ್ಲಿ ದ್ರವ ದೀಪದ ಬತ್ತಿಯಲ್ಲಿ ಎಣ್ಣೆಯೇರುವಂತೆ ಮೇಲೇರಿತು, ಜೊತೆಗೆ ರೋಗಾಣುಗಳೂ. ನಂಜೇರಿ ಹಲವು ಹೆಂಗಸರು ಸತ್ತರು, ಎಷ್ಟೋ ಮಂದಿ ಮುಂದೆ ಮಕ್ಕಳಾಗುವ ಸಾಧ್ಯತೆಯನ್ನೇ ಕಳೆದುಕೊಂಡರು. 1974ರಲ್ಲಿ ಅಮೆರಿಕದಲ್ಲಿ ಮಾರಾಟ ನಿಂತಿತು. ಮೊಕದ್ದಮೆಗಳ ಭಾರಕ್ಕೆ 1985ರಲ್ಲಿ ಕಂಪನಿ ದಿವಾಳಿಗೆ ಅರ್ಜಿ ಹಾಕಿತು. ಈ ಹಗರಣದ ಕಪ್ಪು ಕಾಪರ್-ಟಿಯ ಮುಖಕ್ಕೂ ಮೆತ್ತಿತು. 380ಎಗೆ ಅಮೆರಿಕದಲ್ಲಿ 1984ರಲ್ಲೇ ಅನುಮತಿ ಸಿಕ್ಕರೂ ಮಾರುಕಟ್ಟೆಗೆ ಬರಲು 1988 ಆಯಿತು.

ದಾರ ಕೆಟ್ಟದ್ದಾದರೆ ಹೀಗೆ. ದಾರವೇ ಇಲ್ಲದಿದ್ದರೆ? ಅದಕ್ಕೆ ಚೀನಾವನ್ನು ನೋಡಬೇಕು. ಗ್ರೇಫೆನ್‌ಬರ್ಗ್ ಮತ್ತು ಓಟಾರ ಉಂಗುರದ ಸಂತತಿಯಾದ ಸ್ಟೇನ್‌ಲೆಸ್ ಸ್ಟೀಲಿನ ಉಂಗುರ ಅಲ್ಲಿ ಕೋಟ್ಯಂತರ ಹೆಂಗಸರ ಮೈಸೇರಿತು. ತಾಮ್ರವಿಲ್ಲದ ಅದು ಒಳ್ಳೆಯ ಗರ್ಭನಿರೋಧಕವೂ ಆಗಿರಲಿಲ್ಲ. ವರ್ಷಕ್ಕೆ ನೂರರಲ್ಲಿ ಹತ್ತರಷ್ಟು ಮಂದಿಗೆ ಅದಿದ್ದೂ ಬಸಿರಾಗುತ್ತಿತ್ತು. ಆದರೆ ಅದಕ್ಕೆ ಬಾಲ ಇರಲಿಲ್ಲ, ಅಧಿಕಾರಿಗಳಿಗೆ ಬೇಕಿದ್ದದ್ದೂ ಅದೇ. ಒಂದೇ ಮಗುವಿನ ನೀತಿ ಬಂದ ಮೇಲೆ ಮೊದಲ ಹೆರಿಗೆಯಾದವಳಿಗೆ ಉಂಗುರ ಹಾಕುವುದು ನಿಯಮ, ಅನುಮತಿಯಿಲ್ಲದೆ ತೆಗೆಯುವುದು ಅಪರಾಧ, ಉಂಗುರ ಇದ್ದಲ್ಲೇ ಇದೆಯೇ ಎಂದು ಎಕ್ಸ್‌ರೇಯಲ್ಲಿ ತಪಾಸಣೆ. 1990ರ ದಶಕದಲ್ಲಿ ಚೀನಾ ಸ್ಟೀಲುಂಗುರ ಬಿಟ್ಟು ತಾಮ್ರಕ್ಕೆ ಬದಲಾಯಿಸಿತು. ಎರಡನೇ ಮಗುವಿಗೆ ಅವಕಾಶ ಕೊಟ್ಟಾದ ಮೇಲೆ, ವರ್ಷಗಟ್ಟಲೆ ಮಾಂಸದಲ್ಲಿ ಹುದುಗಿದ್ದ ಉಂಗುರಗಳನ್ನು ಶಸ್ತ್ರಚಿಕಿತ್ಸೆ ಮಾಡಿ ಉಚಿತವಾಗಿ ತೆಗೆದುಕೊಡುವ ಘೋಷಣೆಯೂ ಹೊರಬಿತ್ತು. ವಸ್ತು ಒಂದೇ ಜಾತಿಯದು. ಇಷ್ಟುದ್ದ ದಾರ ಇದೆಯೋ ಇಲ್ಲವೋ ಎನ್ನುವುದರ ಮೇಲೆ ಅದು ಹೆಂಗಸಿನ ಕೈಯ ಸಾಧನವೋ ಸರ್ಕಾರದ ಬೀಗವೋ ಆಗುತ್ತದೆ.

ನಮ್ಮಲ್ಲಿ ಕಾಪರ್-ಟಿ 200 ಹೋಗಿ ಈಗ 380ಎ ಇದೆ. ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ, ಹತ್ತು ವರ್ಷ ಬಾಳಿಕೆ. ಆ ಹತ್ತು ವರ್ಷದಲ್ಲಿ ನೂರಕ್ಕೆ ಇಬ್ಬರ ಸುತ್ತ ವಿಫಲವಾಗಬಹುದು, ಆಪರೇಷನ್ನಿನ ವೈಫಲ್ಯಕ್ಕೂ ಇದಕ್ಕೂ ಹೇಳಿಕೊಳ್ಳುವ ವ್ಯತ್ಯಾಸವಿಲ್ಲ. ಹೀಗಿದ್ದೂ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ವಿವಾಹಿತ ಮಹಿಳೆಯರಲ್ಲಿ ಆಪರೇಷನ್ ಮಾಡಿಸಿಕೊಂಡವರು ನೂರಕ್ಕೆ 37.9, ಕಾಪರ್-ಟಿಯಂಥ ಸಾಧನ ಧರಿಸಿದವರು 2.1. ಕರ್ನಾಟಕದಲ್ಲಿ ಆಪರೇಷನ್ ಆದವರೇ ಅರ್ಧಕ್ಕಿಂತ ಹೆಚ್ಚು. ಅದೂ ಇಪ್ಪತ್ತೈದರ ಆಸುಪಾಸಿನ ವಯಸ್ಸಿಗೆ. ಎರಡು ಮಕ್ಕಳಾದವು, ಮುಗಿಸಿಬಿಡೋಣ ಎನ್ನುತ್ತಾರೆ ಮನೆಯವರು. ಲೂಪಿನ ಕಾಲದ ಕಹಿಯನ್ನು ಅತ್ತೆ ಸೊಸೆಗೆ ದಾಟಿಸಿದ್ದಾಳೆ ಎಂದು ನನಗೆ ಅನ್ನಿಸುತ್ತದೆ. ಆ ಅತ್ತೆಯನ್ನು ತಪ್ಪುಹಿಡಿಯಲು ಮನಸ್ಸು ಬಾರದು.

ಇತ್ತೀಚೆಗೆ ಹೆರಿಗೆಯಾದ 48 ಗಂಟೆಯೊಳಗೇ ಹಾಕುವ ಕ್ರಮ ಬಂದಿದೆ. ಮತ್ತೆ ಆಸ್ಪತ್ರೆಗೆ ಓಡಾಡುವುದು ತಪ್ಪುತ್ತದೆ, ಒಳ್ಳೆಯದೇ. ಆದರೆ ನೋವು ತಿನ್ನುತ್ತಿರುವವಳ ಬಾಯಿಂದ ಬಂದ ‘ಹೂಂ’ ಒಪ್ಪಿಗೆಯಾಗದು. ಬಸಿರಿನ ತಿಂಗಳುಗಳಲ್ಲೇ ಕೂತು ಮಾತಾಡಿ ಕೇಳಬೇಕೆಂದು ನಿಯಮವೇ ಹೇಳುತ್ತದೆ. ಹಾಕಿದ್ದಕ್ಕೆ ದಾಖಲೆಯೂ ಇದೆ, ಕರೆತಂದ ಆಶಾ ಕಾರ್ಯಕರ್ತೆಗೆ ಪ್ರೋತ್ಸಾಹಧನವೂ ಇದೆ.

ತೆಗೆಸಿಕೊಳ್ಳಲು ಬಂದವಳಿಗೆ ಇದಿಷ್ಟು ಗೊತ್ತಿದ್ದರೆ ಸಾಕು: ಕಾರಣ ಹೇಳಬೇಕಿಲ್ಲ, ಗಂಡನ ಸಹಿ ಬೇಕಿಲ್ಲ, ಹತ್ತು ವರ್ಷ ತುಂಬುವವರೆಗೆ ಕಾಯಬೇಕಿಲ್ಲ. ಅರಿವಳಿಕೆ ಬೇಡ, ಚಾಕು ಬೇಡ. ತರಬೇತಾದ ಸಿಸ್ಟರೊಬ್ಬರು ಇಕ್ಕಳದಲ್ಲಿ ದಾರ ಹಿಡಿದು ನಿಧಾನಕ್ಕೆ ಎಳೆದರೆ ಟಿಯ ತೋಳುಗಳು ಮಡಚಿಕೊಂಡು ಹೊರಬರುತ್ತವೆ. ಕೆಲವು ನಿಮಿಷದ ಕೆಲಸ. ಮಗು ಬೇಕೆಂದಿದ್ದರೆ ಮುಂದಿನ ತಿಂಗಳೇ ಬಸಿರಾಗಬಹುದು. “ಇನ್ನೊಂದು ತಿಂಗಳು ನೋಡು” ಎಂದು ಯಾರಾದರೂ ಅಂದರೆ, ತಾಲ್ಲೂಕು ಆಸ್ಪತ್ರೆಯ ಸ್ತ್ರೀರೋಗ ವಿಭಾಗಕ್ಕೆ ಹೋಗಿ ಕೇಳಬಹುದು.